ಲಕ್ವ ಆದ ಮೇಲೆ ರೋಬೋಟ್‌ನಿಂದ ಕೈ ಪರೀಕ್ಷೆ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಮೈಸೂರಿನಲ್ಲಿ ಫಿಸಿಯೋಥೆರಪಿಸ್ಟ್. ನನ್ನ ಹತ್ತಿರ ಬರುವವರಲ್ಲಿ ಲಕ್ವ ಹೊಡೆದು ಕೈ ಸೋತವರೇ ಜಾಸ್ತಿ. ಮಳವಳ್ಳಿ, ಪಾಂಡವಪುರ, ಟಿ. ನರಸೀಪುರ, ನಂಜನಗೂಡು ಕಡೆಯಿಂದ ಬಸ್ ಹತ್ತಿ ಬರುತ್ತಾರೆ. ಈಗೀಗ ಮೊಬೈಲ್‌ನಲ್ಲಿ ಯಾವುದೋ ವಿಡಿಯೋ ನೋಡಿ, "ರೋಬೋಟ್‌ನಲ್ಲಿ ಕೈ ಟೆಸ್ಟ್ ಮಾಡ್ತಾರಂತಲ್ಲ, ಮಾಡಿಸಬೇಕಾ?" ಅಂತ ಕೇಳುವವರು ಹೆಚ್ಚಾಗಿದ್ದಾರೆ. ಮನೆಯವರು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ಎಲ್ಲವನ್ನೂ ಓದಬೇಕಿಲ್ಲ, ನಿಮಗೆ ಬೇಕಾದ್ದನ್ನು ಹುಡುಕಿ ಓದಿಕೊಳ್ಳಿ.

ರೋಬೋಟ್ ಅಂದರೆ ಕೈಕಾಲು ಇರುವ ಯಂತ್ರವಾ?

ಅಲ್ಲ. ಮೇಜಿನ ಮೇಲೆ ಒಂದು ಯಂತ್ರ, ಎದುರಿಗೆ ಕಂಪ್ಯೂಟರ್ ಪರದೆ, ಅಷ್ಟೇ. ನೋಡಿದರೆ ನಿರಾಸೆ ಆಗಬಹುದು. ಒಳಗೆ ಮೋಟಾರ್ ಇರುತ್ತದೆ, ಬಲ ಮತ್ತು ಕೋನ ಅಳೆಯುವ ಸೆನ್ಸರ್‌ಗಳಿರುತ್ತವೆ. ರೋಗಿ ಒಂದು ಹಿಡಿಕೆ ಹಿಡಿದುಕೊಳ್ಳುತ್ತಾರೆ, ಇಲ್ಲವೇ ಬೆರಳ ತುದಿಗಳನ್ನು ಯಂತ್ರಕ್ಕೆ ಜೋಡಿಸುತ್ತೇವೆ. ರೋಗಿ ಬೆರಳು ಆಡಿಸಿದರೆ ಯಂತ್ರ ಸುಮ್ಮನೆ ಅಳೆಯುತ್ತದೆ. ರೋಗಿ ಸುಮ್ಮನಿದ್ದರೆ ತಾನೇ ಬೆರಳು ಆಡಿಸಿ, ಅದು ಎಷ್ಟು ತಡೆಯುತ್ತದೆ ಅಂತ ನೋಡುತ್ತದೆ. ಬರೀ ಸೆನ್ಸರ್ ಇರುವ ಗ್ಲೌಸ್‌ಗೆ ಈ ಎರಡನೇ ಕೆಲಸ ಬರುವುದಿಲ್ಲ.

ತೋಳಿನ ಯಂತ್ರ ಬೇರೆ, ಬೆರಳಿನ ಯಂತ್ರ ಬೇರೆ. ಅಮೆರಿಕದ ಎಂಐಟಿಯಲ್ಲಿ ನೆವಿಲ್ ಹೋಗನ್ ಮತ್ತು ಹರ್ಮಾನೋ ಇಗೋ ಕ್ರೆಬ್ಸ್ ಅವರ ತಂಡ ರೂಪಿಸಿದ ಎಂಐಟಿ-ಮ್ಯಾನಸ್ ಈ ಕ್ಷೇತ್ರದ ಹಿರಿಯ. ಅದು ಭುಜ, ಮೊಣಕೈಯದು. ಕೆನಡಾದ ಕ್ವೀನ್ಸ್ ವಿಶ್ವವಿದ್ಯಾಲಯದ ಸ್ಟೀಫನ್ ಸ್ಕಾಟ್ ಅವರ ಕಿನ್‌ಆರ್ಮ್ ಕೂಡ ಹಾಗೆಯೇ. ಆಸ್ಟ್ರಿಯಾದ ಅಮೇಡಿಯೋ ಐದು ಬೆರಳಿನದು. ನಮ್ಮ ಪಕ್ಕದಲ್ಲೇ, ವೆಲ್ಲೂರಿನ ಸಿಎಂಸಿ ಮತ್ತು ಐಐಟಿ ಮದ್ರಾಸ್ ಸೇರಿ ಪ್ಲೂಟೋ ಅನ್ನುವ ಸಣ್ಣ ಯಂತ್ರ ಮಾಡಿದ್ದಾರೆ. ಒಂದೇ ಮೋಟಾರ್, ಹಿಡಿಕೆ ಬದಲಾಯಿಸಿದರೆ ಮಣಿಕಟ್ಟಿಗೂ ಆಯಿತು, ಮುಷ್ಟಿ ಬಿಚ್ಚಿ ಮುಚ್ಚುವುದಕ್ಕೂ ಆಯಿತು. ನಮ್ಮ ದೇಶದ ಕ್ಲಿನಿಕ್‌ಗಳಿಗೆ ಇಂಥದ್ದೇ ಸರಿ ಅನ್ನುವುದು ನನ್ನ ಅಭಿಪ್ರಾಯ.

ಡಾಕ್ಟರೇ ಕೈ ಹಿಡಿದು ನೋಡುತ್ತಾರಲ್ಲ, ಯಂತ್ರ ಯಾಕೆ ಬೇಕು?

ನ್ಯಾಯವಾದ ಪ್ರಶ್ನೆ. ಕೈ ಹಿಡಿದು ನೋಡುವುದನ್ನು ಯಾವ ಯಂತ್ರವೂ ತಪ್ಪಿಸುವುದಿಲ್ಲ, ತಪ್ಪಿಸಲೂಬಾರದು.

ನಾವು ಕೈಯಲ್ಲೇ ಮಾಡುವ ಪರೀಕ್ಷೆಗಳಲ್ಲಿ ಹೆಸರಾದದ್ದು ಫ್ಯೂಗಲ್-ಮೆಯರ್. 1975ರಲ್ಲಿ ಸ್ವೀಡನ್‌ನಲ್ಲಿ ಹುಟ್ಟಿದ್ದು. ಭುಜದಿಂದ ಬೆರಳಿನವರೆಗೆ ಒಟ್ಟು 66 ಅಂಕ. ಪ್ರತಿ ಚಲನೆಗೆ 0, 1 ಅಥವಾ 2. ಆಗಲೇ ಇಲ್ಲ ಅಂದರೆ 0, ಅರ್ಧಂಬರ್ಧ ಆದರೆ 1, ಪೂರ್ತಿ ಆದರೆ 2. ತೊಂದರೆ ಆ ನಡುವಿನ 1ರಲ್ಲಿದೆ. ಬೆರಳು ಒಂದು ಚೂರು ಬಿಚ್ಚಿದರೂ 1, ಮುಕ್ಕಾಲು ಬಿಚ್ಚಿದರೂ 1. ಎರಡು ತಿಂಗಳು ಕಷ್ಟಪಟ್ಟು ವ್ಯಾಯಾಮ ಮಾಡಿದವರಿಗೆ "ಅಂಕ ಅಷ್ಟೇ ಇದೆ" ಅಂತ ಹೇಳಬೇಕಾಗುತ್ತದೆ. ಅವರ ಮುಖ ನೋಡೋಕಾಗಲ್ಲ. ಯಂತ್ರ ಅದೇ ಬೆರಳನ್ನು ಡಿಗ್ರಿಯಲ್ಲಿ ಅಳೆಯುತ್ತದೆ. ಮೊದಲು 15 ಡಿಗ್ರಿ ಬಿಚ್ಚುತ್ತಿದ್ದದ್ದು ಈಗ 30 ಆಗಿದ್ದರೆ ಅದು ಕಾಣುತ್ತದೆ.

ಬಿಗಿತದ ವಿಷಯದಲ್ಲಿ ಇನ್ನೂ ಕಷ್ಟ. ಆಶ್‌ವರ್ತ್ ಅನ್ನುವ ಮಾಪನದಲ್ಲಿ ನಾವು ರೋಗಿಯ ಕೈಯನ್ನು ಎಳೆದು, ಎಷ್ಟು ಬಿಗಿ ಇದೆ ಅಂತ 0ಯಿಂದ 4ರವರೆಗೆ ಅಂದಾಜು ಹಾಕುತ್ತೇವೆ. ನಾನು ಎಳೆಯುವ ವೇಗ ಬೇರೆ, ನನ್ನ ಸಹೋದ್ಯೋಗಿ ಎಳೆಯುವ ವೇಗ ಬೇರೆ. ಒಂದೇ ಕೈಗೆ ಅವರು 2 ಅಂದರೆ ನಾನು 1+ (1ಕ್ಕೂ 2ಕ್ಕೂ ನಡುವಿನದು) ಅನ್ನಬಹುದು. ಯಂತ್ರ ಪ್ರತಿ ಸಲವೂ ಅದೇ ವೇಗದಲ್ಲಿ ಎಳೆಯುತ್ತದೆ.

ಹಾಗಾದರೆ ಅದು ಏನೇನು ಅಳೆಯುತ್ತದೆ?

ಸ್ವಲ್ಪ ಉದ್ದದ ಉತ್ತರ ಇದು, ಆದರೆ ಇಡೀ ಪರೀಕ್ಷೆಯ ಸಾರ ಇಲ್ಲೇ ಇದೆ. "ಕೈ ಬರ್ತಿಲ್ಲ" ಅಂತ ಮನೆಯವರು ಒಂದೇ ಮಾತಲ್ಲಿ ಹೇಳುತ್ತಾರೆ. ಒಳಗೆ ಕಾರಣ ನಾಲ್ಕೈದು ಇರುತ್ತವೆ. ಒಬ್ಬರಿಗೆ ಶಕ್ತಿ ಇಲ್ಲ. ಇನ್ನೊಬ್ಬರಿಗೆ ಶಕ್ತಿ ಇದೆ, ಬಿಗಿತ ಬಿಡುತ್ತಿಲ್ಲ. ಮತ್ತೊಬ್ಬರಿಗೆ ಬೆರಳು ಎಲ್ಲಿದೆ ಅಂತಲೇ ಗೊತ್ತಾಗುತ್ತಿಲ್ಲ. ಹೊರಗಿನಿಂದ ಮೂರೂ ಕೈ ಒಂದೇ ಥರ ಕಾಣುತ್ತವೆ. ಚಿಕಿತ್ಸೆ ಮಾತ್ರ ಮೂರಕ್ಕೂ ಬೇರೆ.

ಮೊದಲನೆಯದು ಶಕ್ತಿ. ಮುಷ್ಟಿ ಬಿಗಿ ಹಿಡಿಯುವ ಶಕ್ತಿ ಬೇರೆ, ಬಿಚ್ಚುವ ಶಕ್ತಿ ಬೇರೆ. ಲಕ್ವದ ನಂತರ ಸಾಮಾನ್ಯವಾಗಿ ಹಿಡಿಯುವುದು ಮೊದಲು ಬರುತ್ತದೆ, ಬಿಚ್ಚುವುದು ಹಿಂದೆ ಬೀಳುತ್ತದೆ. ಪಾಂಡವಪುರದ ಕಡೆಯ ಒಬ್ಬ ತಾಯಿ ಹಸು ಕರೆಯೋಕೆ ಕೂರುತ್ತಿದ್ದರು. ಕೆಚ್ಚಲು ಹಿಡಿಯೋಕೆ ತೊಂದರೆ ಇರಲಿಲ್ಲ, ಬಿಡೋಕೆ ಆಗುತ್ತಿರಲಿಲ್ಲ. ಹಸು ಒದೆಯುತ್ತಿತ್ತು. ಪರದೆಯ ಮೇಲೆ ಅವರ ಗ್ರಾಫ್ ನೋಡಿದಾಗ ವಿಷಯ ನಿಚ್ಚಳವಾಯಿತು. "ಹಿಡೀರಿ" ಅಂದ ತಕ್ಷಣ ಗೆರೆ ಮೇಲೇರಿತು. "ಬಿಡಿ" ಅಂದ ಮೇಲೂ ಗೆರೆ ಇಳಿಯಲೇ ಇಲ್ಲ, ನಿಧಾನಕ್ಕೆ ಜಾರುತ್ತಾ ಬಂತು. ಅವರೇ ಪರದೆ ತೋರಿಸಿ, "ನೋಡವ್ವಾ, ನಾನ್ ಬಿಟ್ರೂ ಅದು ಬುಡದಿಲ್ಲ" ಅಂದರು. ಅದುವರೆಗೆ ಅವರ ಮಗ ದಿನಾ ಮಾಡಿಸುತ್ತಿದ್ದ ವ್ಯಾಯಾಮ ಯಾವುದು ಗೊತ್ತಾ? ರಬ್ಬರ್ ಚೆಂಡು ಹಿಸುಕುವುದು. ಯಾವುದು ಈಗಾಗಲೇ ಜಾಸ್ತಿ ಇದೆಯೋ ಅದನ್ನೇ ಇನ್ನಷ್ಟು ಜಾಸ್ತಿ ಮಾಡುವ ಕೆಲಸ. ಮೆಡಿಕಲ್ ಸ್ಟೋರ್‌ನಲ್ಲಿ ಸಿಗುವ ಆ ನಗುಮುಖದ ಚೆಂಡಿನ ಮೇಲೆ ನನಗೆ ಹಳೇ ಸಿಟ್ಟಿದೆ.

ಎರಡನೆಯದು ಬಿಗಿತ. ಬಿಗಿತಕ್ಕೆ ಎರಡು ಮೂಲ. ನರದ ಕಡೆಯಿಂದ ಬರುವ ಬಿಗಿತ ಒಂದು: ಬೆರಳನ್ನು ಬೇಗ ಎಳೆದರೆ ಸ್ನಾಯು ತಟ್ಟನೆ ಎದುರಿಸುತ್ತದೆ, ನಿಧಾನ ಎಳೆದರೆ ಅಷ್ಟು ಎದುರಿಸುವುದಿಲ್ಲ. ಇನ್ನೊಂದು, ಬಹಳ ದಿನ ಮಡಚಿಕೊಂಡೇ ಇದ್ದು ಸ್ನಾಯು, ಸ್ನಾಯುರಜ್ಜು ಕುಗ್ಗಿ ಬಂದ ಬಿಗಿತ. ಇದು ನಿಧಾನ ಎಳೆದರೂ ಇರುತ್ತದೆ. ಸ್ವೀಡನ್‌ನ ನ್ಯೂರೋಫ್ಲೆಕ್ಸರ್ ಅನ್ನುವ ಯಂತ್ರ ಇದೇ ಉಪಾಯದ ಮೇಲೆ ನಿಂತಿದೆ. ಮಣಿಕಟ್ಟನ್ನು ಒಮ್ಮೆ ಸೆಕೆಂಡಿಗೆ 5 ಡಿಗ್ರಿ ವೇಗದಲ್ಲಿ, ಇನ್ನೊಮ್ಮೆ 236 ಡಿಗ್ರಿ ವೇಗದಲ್ಲಿ ಎಳೆದು, ಎರಡರ ವ್ಯತ್ಯಾಸದಿಂದ ನರದ ಪಾಲು ಎಷ್ಟು, ಸ್ನಾಯುವಿನ ಪಾಲು ಎಷ್ಟು ಅಂತ ಲೆಕ್ಕ ಹಾಕುತ್ತದೆ. ಇದರಿಂದ ಏನು ಉಪಯೋಗ ಅಂತೀರಾ? ನರದ ಬಿಗಿತಕ್ಕೆ ಬೊಟಾಕ್ಸ್ ಇಂಜೆಕ್ಷನ್, ಬ್ಯಾಕ್ಲೋಫೆನ್ ಮಾತ್ರೆ ಕೆಲಸ ಮಾಡುತ್ತವೆ. ಕುಗ್ಗಿದ ಸ್ನಾಯುವಿಗೆ ಅವು ಅಷ್ಟಾಗಿ ನಾಟುವುದಿಲ್ಲ, ಅಲ್ಲಿ ಎಳೆತ, ಸ್ಪ್ಲಿಂಟ್ (ಬೆರಳು ಚಾಚಿ ನಿಲ್ಲಿಸಲು ಕೈಗೆ ಕಟ್ಟುವ ಆಸರೆ) ಬೇಕು. ಸಾವಿರಾರು ರೂಪಾಯಿಯ ಇಂಜೆಕ್ಷನ್ ಹಾಕಿಸುವ ಮುಂಚೆ ಇದು ಗೊತ್ತಿದ್ದರೆ ಒಳ್ಳೆಯದು ಅಲ್ವಾ?

ಮೂರನೆಯದು, ನನ್ನ ಪ್ರಕಾರ ಎಲ್ಲರೂ ಮರೆಯುವಂಥದ್ದು: ಬೆರಳು ಎಲ್ಲಿದೆ ಅನ್ನುವ ಅರಿವು. ಕಣ್ಣು ಮುಚ್ಚಿದರೂ ನಿಮ್ಮ ಹೆಬ್ಬೆರಳು ಮಡಚಿದೆಯೋ ಚಾಚಿದೆಯೋ ನಿಮಗೆ ಗೊತ್ತಿರುತ್ತದೆ. ಲಕ್ವ ಆದ ಬಹಳ ಮಂದಿಗೆ ಇದು ಹೋಗಿರುತ್ತದೆ. ಪರೀಕ್ಷೆಯಲ್ಲಿ ಕೈ ಕಾಣದ ಹಾಗೆ ಮುಚ್ಚುತ್ತೇವೆ. ಯಂತ್ರ ತೋರುಬೆರಳನ್ನು ಮೆಲ್ಲಗೆ ಒಂದು ಕೋನಕ್ಕೆ ಒಯ್ದು ನಿಲ್ಲಿಸುತ್ತದೆ. ಈಗ ಬೆರಳು ಎಲ್ಲಿದೆ ಅಂತ ರೋಗಿ ಪರದೆಯ ಮೇಲೆ ತೋರಿಸಬೇಕು. ಕೆ.ಆರ್. ಪೇಟೆ ಕಡೆಯ ರೈತರೊಬ್ಬರು, "ಮಡಚ್ಕಂಡೇ ಅದೆ, ಅದರಲ್ಲೇನದೆ?" ಅಂತ ಧೈರ್ಯವಾಗಿ ಹೇಳಿದರು. ಮುಚ್ಚಿದ್ದ ಬಟ್ಟೆ ತೆಗೆದೆ. ಬೆರಳು ನೆಟ್ಟಗೆ ನಿಂತಿತ್ತು. ಅವರ ಹೆಂಡತಿ ಪಕ್ಕದಲ್ಲೇ ಕೂತಿದ್ದವರು, "ಅದಕ್ಕೇ ಕಣ್ರಿ ಜೇಬಿಗೆ ಕೈ ಹಾಕಿದ್ರೆ ಬೀಡಿ ಸಿಕ್ಕದಿಲ್ಲ ಇವ್ರಿಗೆ" ಅಂದರು. ಅವರ ಹಿಡಿತದ ಶಕ್ತಿ ಚೆನ್ನಾಗೇ ಇತ್ತು. ಕಣ್ಣಿಂದ ನೋಡಿಕೊಂಡು ಮಾಡುವ ಕೆಲಸ ಆಗುತ್ತಿತ್ತು, ನೋಡದೆ ಮಾಡುವ ಕೆಲಸ ಯಾವುದೂ ಆಗುತ್ತಿರಲಿಲ್ಲ.

ನಾಲ್ಕನೆಯದು ಬೆರಳುಗಳನ್ನು ಬಿಡಿಬಿಡಿಯಾಗಿ ಆಡಿಸುವುದು. ತೋರುಬೆರಳು ಮಾತ್ರ ಒತ್ತಿ ಅಂದರೆ ಉಂಗುರ ಬೆರಳು, ಕಿರುಬೆರಳೂ ಜೊತೆಗೆ ಒತ್ತುತ್ತವೆ. ಪ್ರತಿ ಬೆರಳಿನ ಕೆಳಗೂ ಬೇರೆ ಬೇರೆ ಸೆನ್ಸರ್ ಇದ್ದರೆ ಯಾವುದು ಎಷ್ಟು ಜೊತೆಯಾಯಿತು ಅಂತ ಲೆಕ್ಕ ಸಿಗುತ್ತದೆ.

ಕೊನೆಯದು ಚಲನೆಯ ನಯ. ಲಕ್ವ ಆದ ಕೈ ಗುರಿಯತ್ತ ಹೋಗುವಾಗ ಹಂಪ್‌ಗಳಿರುವ ರಸ್ತೆಯಲ್ಲಿ ಆಟೋ ಹೋದ ಹಾಗೆ ತಡೆದು ತಡೆದು ಹೋಗುತ್ತದೆ. ವಾಸಿಯಾದಂತೆಲ್ಲ ಈ ಸಣ್ಣ ಸಣ್ಣ ಚಲನೆಗಳು ಒಂದಕ್ಕೊಂದು ಬೆರೆತು ಒಂದೇ ಚಲನೆ ಆಗುತ್ತವೆ. ಇದನ್ನು ಎಂಐಟಿ ತಂಡ ಬಹಳ ಹಿಂದೆಯೇ ತೋರಿಸಿತ್ತು. ನಯವನ್ನು ಅಂಕಿಯಲ್ಲಿ ಹೇಳುವ ಒಂದು ಒಳ್ಳೆಯ ಲೆಕ್ಕಾಚಾರದ ಹಿಂದೆ ಸಿಎಂಸಿ ವೆಲ್ಲೂರಿನ ಶಿವಕುಮಾರ್ ಬಾಲಸುಬ್ರಮಣಿಯನ್ ಇದ್ದಾರೆ. ಪ್ರಪಂಚದ ಬೇರೆ ಬೇರೆ ಲ್ಯಾಬ್‌ಗಳು ಅದನ್ನು ಬಳಸುತ್ತಿವೆ.

ನೋವಾಗುತ್ತಾ? ಕರೆಂಟ್ ಕೊಡುತ್ತಾರಾ?

ಕರೆಂಟ್ ಕೊಡುವುದಿಲ್ಲ, ಸೂಜಿ ಚುಚ್ಚುವುದಿಲ್ಲ. ಬೇಗ ಎಳೆಯುವಾಗ ಒಂದು ಕ್ಷಣ ಜಗ್ಗಿದ ಹಾಗೆ ಅನಿಸಬಹುದು. ಎಷ್ಟು ಕೋನದವರೆಗೆ ಹೋಗಬೇಕು ಅನ್ನುವುದನ್ನು ಮೊದಲು ನಾವು ಕೈಯಿಂದ ನೋಡಿ, ಆ ಮಿತಿಯನ್ನು ಯಂತ್ರಕ್ಕೆ ಹಾಕಿರುತ್ತೇವೆ. ಕೆಂಪು ಸ್ಟಾಪ್ ಬಟನ್ ಎಲ್ಲಿದೆ ಅಂತ ಶುರುವಿನಲ್ಲೇ ಕೇಳಿ ತಿಳಿದುಕೊಳ್ಳಿ. ನೋವಾದರೆ "ಸಾಕು" ಅಂತ ಹೇಳಿ, ತಡೆದುಕೊಂಡು ಕೂರಬೇಡಿ. ನೋವು ತಡೆದುಕೊಂಡರೆ ಬಿಗಿತ ಜಾಸ್ತಿಯಾಗಿ ಅಳತೆಯೇ ಕೆಡುತ್ತದೆ.

ಯಾರಿಗೆ ಈ ಪರೀಕ್ಷೆ ಬೇಡ?

ಕೈಮೂಳೆ ಇತ್ತೀಚೆಗೆ ಮುರಿದಿದ್ದರೆ, ಬೆರಳಲ್ಲಿ ಗಾಯ ಅಥವಾ ಊತ ಇದ್ದರೆ, ಫಿಟ್ಸ್ ಹತೋಟಿಗೆ ಬಂದಿಲ್ಲದಿದ್ದರೆ, ಬಿಪಿ ತುಂಬಾ ಏರಿದ್ದರೆ ಮುಂದೂಡುತ್ತೇವೆ. ಬೆರಳುಗಳು ಪೂರ್ತಿ ಮಡಚಿಕೊಂಡು ಬಿಚ್ಚೋಕೇ ಆಗದಿದ್ದರೆ ಯಂತ್ರಕ್ಕೆ ಜೋಡಿಸುವುದೇ ಕಷ್ಟ. ಕೆಲವು ಯಂತ್ರಗಳಲ್ಲಿ ಬೆರಳನ್ನು ಅಯಸ್ಕಾಂತದಿಂದ ಜೋಡಿಸುತ್ತಾರೆ. ಹಾಗಾಗಿ ಪೇಸ್‌ಮೇಕರ್ ಹಾಕಿಸಿದ್ದರೆ ಮೊದಲೇ ಹೇಳಿ. ಸೋತ ಕೈಯ ಭುಜ ಜಾರಿ ನೋವಿದ್ದರೂ ಹೇಳಿ, ತೋಳಿಗೆ ಆಸರೆ ಕೊಟ್ಟು ಕೂರಿಸುತ್ತೇವೆ.

ಯಾವಾಗ ಮಾಡಿಸಬೇಕು? ಲಕ್ವ ಆದ ತಕ್ಷಣವಾ?

ಮೊದಲ ಕೆಲವು ದಿನ ಯಂತ್ರದ ಅಗತ್ಯವೇ ಇಲ್ಲ. ಹಾಸಿಗೆಯ ಪಕ್ಕದಲ್ಲೇ ಒಂದು ನಿಮಿಷದಲ್ಲಿ ನೋಡಬಹುದಾದ ಎರಡು ವಿಷಯ ಇವೆ: ಬೆರಳು ತಾನಾಗಿ ಸ್ವಲ್ಪವಾದರೂ ಬಿಚ್ಚುತ್ತದೆಯಾ, ಭುಜ ಪಕ್ಕಕ್ಕೆ ಸ್ವಲ್ಪವಾದರೂ ಎತ್ತಲು ಆಗುತ್ತದೆಯಾ. 2010ರಲ್ಲಿ ಪ್ರಕಟವಾದ ನೆದರ್‌ಲ್ಯಾಂಡ್ಸ್‌ನ ಅಧ್ಯಯನದ ಪ್ರಕಾರ, ಎರಡನೇ ದಿನಕ್ಕೇ ಈ ಎರಡೂ ಇದ್ದವರಲ್ಲಿ ಆರು ತಿಂಗಳಿಗೆ ಕೈ ಒಂದಷ್ಟು ಚುರುಕಾಗುವ ಸಾಧ್ಯತೆ 98%. ಎರಡೂ ಇಲ್ಲದವರಲ್ಲಿ 25%. ಆ 25% ಅನ್ನು ಕೆಲವರು "ಇನ್ನಾಗಲ್ಲ" ಅಂತ ಓದುತ್ತಾರೆ. ನಾನು ಹಾಗೆ ಓದುವುದಿಲ್ಲ. ನಾಲ್ಕರಲ್ಲಿ ಒಬ್ಬರು ಅಂದರೆ ಕಡಿಮೆಯಲ್ಲ.

ಸುಧಾರಣೆ ಅತಿ ವೇಗವಾಗಿ ಆಗುವುದು ಮೊದಲ ಮೂರು ತಿಂಗಳಲ್ಲಿ. ರೋಗಿ ಅರ್ಧ ಗಂಟೆ ಕೂರಬಲ್ಲವರಾದ ಮೇಲೆ ಒಂದು ಅಳತೆ, ಮೂರು ತಿಂಗಳಿಗೆ ಒಂದು, ಆರು ತಿಂಗಳಿಗೆ ಒಂದು. ಬೊಟಾಕ್ಸ್ ಹಾಕಿಸುವುದಾದರೆ ಅದಕ್ಕೆ ಮುಂಚೆ ಒಂದು, ಸುಮಾರು ಒಂದು ತಿಂಗಳ ನಂತರ ಒಂದು. ಇಷ್ಟು ಸಾಕು. ವಾರ ವಾರವೂ ಅಳೆಸಿಕೊಂಡು ದುಡ್ಡು ಕಳೆಯಬೇಡಿ.

ವರ್ಷಗಳು ಕಳೆದವರಿಗೂ ಮಾಡಬಹುದು. ಕೈ ಯಾಕೆ ನಿಂತುಹೋಗಿದೆ ಅಂತ ತಿಳಿಯಲು ಅದು ಉಪಯೋಗಕ್ಕೆ ಬರುತ್ತದೆ.

ಪರೀಕ್ಷೆ ಮಾಡುವಾಗಲೇ, ಅಥವಾ ಮನೆಯಲ್ಲಿ, ಕೈ ಇದ್ದಕ್ಕಿದ್ದಂತೆ ಇನ್ನಷ್ಟು ಸೋತರೆ?

ಅದನ್ನು ಅಳೆಯುತ್ತಾ ಕೂರಬೇಡಿ. ಬಾಯಿ ಸೊಟ್ಟಗಾಗುವುದು, ಮಾತು ತೊದಲುವುದು, ಕೈಕಾಲು ತಟ್ಟನೆ ಬಲ ಕಳೆದುಕೊಳ್ಳುವುದು ಕಂಡರೆ 108ಕ್ಕೆ ಫೋನ್ ಮಾಡಿ. ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್‌ಗೆ ನಾಲ್ಕೂವರೆ ಗಂಟೆ ಮಾತ್ರ ಸಮಯ.

ಅಪ್ಪನಿಗೆ ಯಂತ್ರದಲ್ಲಿ ನಂಬರ್ ಚೆನ್ನಾಗಿ ಬಂದಿದೆ. ಆದರೂ ಮುದ್ದೆ ಮುರಿಯೋಕೆ ಆಗಲ್ಲ. ಯಂತ್ರ ಸುಳ್ಳಾ?

ಯಂತ್ರ ಸುಳ್ಳಲ್ಲ. ನಾವು ಯಂತ್ರವನ್ನು ಕೇಳಿದ ಪ್ರಶ್ನೆ ಬೇರೆ, ನಿಮಗೆ ಬೇಕಾದ ಉತ್ತರ ಬೇರೆ.

ಮುದ್ದೆ ಮುರಿಯುವುದನ್ನೇ ನೋಡಿ. ಬಿಸಿ ಇದೆಯಾ ಅಂತ ಬೆರಳ ತುದಿಗೆ ಗೊತ್ತಾಗಬೇಕು. ಹೆಬ್ಬೆರಳು ಮತ್ತು ಉಳಿದ ಬೆರಳು ಸೇರಿ ಒಂದು ತುಂಡು ಹಿಂಡಿ ತೆಗೆಯಬೇಕು, ಅದು ಅಂಟಿಕೊಳ್ಳದ ಹಾಗೆ ಬಿಡಿಸಬೇಕು, ಉರುಟಿ ಸಾರಿಗೆ ಅದ್ದಬೇಕು, ಭುಜ ಎತ್ತಿ ಬಾಯಿಗೆ ತರಬೇಕು. ಇಷ್ಟೂ ಹೊತ್ತು ಮಣಿಕಟ್ಟು ತಿರುಗುತ್ತಲೇ ಇರಬೇಕು. ಯಂತ್ರ ಅಳೆದದ್ದು ಇದರಲ್ಲಿ ಒಂದು ತುಂಡನ್ನು, ಅದೂ ತೋಳಿಗೆ ಆಸರೆ ಕೊಟ್ಟು ಕೂರಿಸಿ. ಹೂ ಕಟ್ಟುವವರಿಗೂ ಇದೇ ಕಥೆ. ಮಲ್ಲಿಗೆ ದಂಡೆ ಕಟ್ಟೋಕೆ ಶಕ್ತಿ ಏನೂ ಬೇಡ. ಒಂದು ಕೈ ಬೆರಳಲ್ಲಿ ಹೂವಿನ ತೊಟ್ಟು ಹಿಡಿದು, ಇನ್ನೊಂದರಲ್ಲಿ ದಾರ ಸುತ್ತಿ ಕುಣಿಕೆ ಎಳೆಯುವ ಚಾಕಚಕ್ಯತೆ ಬೇಕು. ಹಿಡಿತದ ಶಕ್ತಿ ಪೂರ್ತಿ ಬಂದವರಿಗೂ ಅದು ಬಾರದೇ ಇರಬಹುದು.

ಅದಕ್ಕೇ ಯಂತ್ರದ ಅಳತೆಯ ಜೊತೆಗೆ ಕೆಲಸದ ಪರೀಕ್ಷೆಯೂ ಇರಬೇಕು. ಆರಾಟ್ ಅನ್ನುವ ಪರೀಕ್ಷೆ ಇದೆ, 19 ಕೆಲಸ, 57 ಅಂಕ. ಮರದ ತುಂಡು ಎತ್ತುವುದು, ಲೋಟದಿಂದ ಲೋಟಕ್ಕೆ ನೀರು ಸುರಿಯುವುದು, ಗೋಲಿ ಹಿಡಿಯುವುದು ಇಂಥವು. ನಾನು ಇದರ ಜೊತೆಗೆ ಆ ಮನುಷ್ಯನ ಒಂದು ಸ್ವಂತ ಕೆಲಸವನ್ನೂ ಸೇರಿಸುತ್ತೇನೆ: ಅಂಗಿ ಗುಂಡಿ, ಸೀರೆ ನೆರಿಗೆ, ಕುಡುಗೋಲು ಹಿಡಿಯುವುದು, ಏನಾದರೂ ಸರಿ.

ಇನ್ನೊಂದು ಕಾರಣ ಇದೆ. ಕೈಗೆ ಆಗುತ್ತದೆ, ಆದರೆ ಮನುಷ್ಯ ಬಳಸುವುದಿಲ್ಲ. ಮೊದಲ ವಾರಗಳಲ್ಲಿ ಪ್ರಯತ್ನಪಟ್ಟು ಆಗದೆ, ಎಲ್ಲವನ್ನೂ ಒಳ್ಳೆಯ ಕೈಯಲ್ಲೇ ಮಾಡಿ ಅಭ್ಯಾಸವಾಗಿರುತ್ತದೆ. ಆಮೇಲೆ ಕೈಗೆ ಶಕ್ತಿ ಬಂದರೂ ಅದನ್ನು ಮುಂದೆ ಮಾಡುವುದೇ ಇಲ್ಲ. ಅಮೆರಿಕದ ಎಡ್ವರ್ಡ್ ಟಾಬ್ ಇದರ ಬಗ್ಗೆ ದಶಕಗಳ ಕಾಲ ಕೆಲಸ ಮಾಡಿದರು. ಒಳ್ಳೆಯ ಕೈಗೆ ಮಿಟ್ (ಬೆರಳು ಬಳಸಲು ಬಿಡದ ದಪ್ಪ ಕೈಗವಸು) ಹಾಕಿ, ಸೋತ ಕೈಯಿಂದಲೇ ಕೆಲಸ ಮಾಡಿಸುವ ಚಿಕಿತ್ಸೆ ಅವರದ್ದು. ನಮ್ಮ ಮನೆಗಳಲ್ಲಿ ಪ್ರೀತಿಯೂ ಇದಕ್ಕೆ ಸೇರಿಕೊಳ್ಳುತ್ತದೆ. ಸೊಸೆ ತುತ್ತು ಮಾಡಿ ತಿನ್ನಿಸುತ್ತಾಳೆ, ಮಗ ಗುಂಡಿ ಹಾಕುತ್ತಾನೆ. ಅಪ್ಪನ ಕೈ ಮಡಿಲಲ್ಲೇ ಇರುತ್ತದೆ. ದಿನದಲ್ಲಿ ಕೈ ಎಷ್ಟು ಆಡಿತು ಅಂತ ತಿಳಿಯಲು ಎರಡೂ ಮಣಿಕಟ್ಟಿಗೆ ವಾಚ್ ಥರದ ಸೆನ್ಸರ್ ಕಟ್ಟಿ ಅಳೆಯುವುದೂ ಇದೆ. ರೋಬೋಟ್ ಹೇಳಲಾರದ್ದನ್ನು ಅದು ಹೇಳುತ್ತದೆ.

ರಿಪೋರ್ಟ್ ಓದುವುದು ಹೇಗೆ?

ಬಲವನ್ನು ನ್ಯೂಟನ್‌ನಲ್ಲಿ ಬರೆದಿರುತ್ತಾರೆ. ಸುಮಾರು 10 ನ್ಯೂಟನ್ ಅಂದರೆ ಒಂದು ಕೆಜಿ ತೂಕ ಎತ್ತುವಷ್ಟು ಬಲ. ಕೋನ ಡಿಗ್ರಿಯಲ್ಲಿ. ಪಕ್ಕದಲ್ಲಿ ಒಳ್ಳೆಯ ಕೈಯ ಅಂಕಿ ಇದ್ದರೆ ಹೋಲಿಸಿ ನೋಡಿ.

ಎರಡು ಸಲದ ಅಂಕಿ ಹೋಲಿಸುವಾಗ ಹುಷಾರು. ಮೊದಲ ಸಲ ರೋಗಿಗೆ ಯಂತ್ರವೇ ಹೊಸದು. ಎರಡನೇ ಸಲ ಏನು ಮಾಡಬೇಕು ಅಂತ ಗೊತ್ತಿರುತ್ತದೆ, ಅಷ್ಟರಿಂದಲೇ ಅಂಕಿ ಸ್ವಲ್ಪ ಏರುತ್ತದೆ. ಬೆಳಿಗ್ಗೆ ಚೆನ್ನಾಗಿ ನಿದ್ದೆ ಮಾಡಿ ಎದ್ದಾಗ ಒಂದು, ನಾಗಮಂಗಲದಿಂದ ನಿಂತುಕೊಂಡು ಬಸ್ಸಲ್ಲಿ ಬಂದಾಗ ಒಂದು. ಬಿಗಿತದ ಮಾತ್ರೆ ತೆಗೆದುಕೊಂಡು ಒಂದು ಗಂಟೆ ಆಗಿದ್ದರೆ ಒಂದು, ಮರೆತು ಬಂದಿದ್ದರೆ ಇನ್ನೊಂದು. ಚಳಿಗೂ ಬಿಗಿತ ಜಾಸ್ತಿ ಆಗುತ್ತದೆ. ಹಾಗಾಗಿ ಅದೇ ಯಂತ್ರ, ಅದೇ ಹೊತ್ತು, ಅದೇ ಕುರ್ಚಿ ಎತ್ತರ ಇರಲಿ. "ಈ ಯಂತ್ರದಲ್ಲಿ ಎಷ್ಟು ಬದಲಾದರೆ ನಿಜವಾದ ಬದಲಾವಣೆ ಅಂತ ಲೆಕ್ಕ?" ಅಂತ ಥೆರಪಿಸ್ಟ್‌ರನ್ನು ಕೇಳಿ. ಒಳ್ಳೆಯ ಥೆರಪಿಸ್ಟ್ ಈ ಪ್ರಶ್ನೆಗೆ ಖುಷಿಪಡುತ್ತಾರೆ. ಉತ್ತರ ಇಲ್ಲದೆ ಬರೀ ಬಣ್ಣಬಣ್ಣದ ಗ್ರಾಫ್ ಕೈಗೆ ಕೊಟ್ಟರೆ ಆ ಕಾಗದಕ್ಕೆ ಹೆಚ್ಚು ಬೆಲೆ ಕೊಡಬೇಡಿ.

ಬೇರೆ ಬೇರೆ ಯಂತ್ರದ ಅಂಕಿಗಳನ್ನು ಒಂದಕ್ಕೊಂದು ತಾಳೆ ಹಾಕಲೇಬಾರದು.

ಬಲಗೈಗೆ ತಾನೇ ಆಗಿರೋದು, ಎಡಗೈ ಯಾಕೆ ಅಳೆಯುತ್ತಾರೆ?

ಹೋಲಿಸಲು. ಜೊತೆಗೆ, "ಒಳ್ಳೆಯ" ಕೈಯೂ ಪೂರ್ತಿ ಮೊದಲಿನ ಹಾಗಿರುವುದಿಲ್ಲ. ಅದರಲ್ಲೂ ಸಣ್ಣ ಮಟ್ಟದ ನಿಧಾನ, ತೊಡಕು ಇರುವುದುಂಟು.

ಮಾತು ಬರುವುದಿಲ್ಲ, ಹೇಳಿದ್ದು ಅರ್ಥ ಆಗುವುದಿಲ್ಲ. ಅಂಥವರಿಗೆ ಮಾಡಬಹುದಾ?

ಮಾಡಬಹುದು, ಸ್ವಲ್ಪ ತಾಳ್ಮೆ ಬೇಕು. ಯಂತ್ರ ತಾನೇ ಆಡಿಸುವ ಭಾಗಕ್ಕೆ ಮಾತು ಬೇಕಿಲ್ಲ. ಉಳಿದದ್ದನ್ನು ಒಳ್ಳೆಯ ಕೈಯಲ್ಲಿ ಮೊದಲು ಮಾಡಿಸಿ ತೋರಿಸುತ್ತೇವೆ. ಪರದೆಯ ಸೂಚನೆ ಹೆಚ್ಚಾಗಿ ಇಂಗ್ಲಿಷ್‌ನಲ್ಲಿರುತ್ತದೆ, ಅದನ್ನು ನೆಚ್ಚಿಕೊಳ್ಳಬೇಡಿ. ಮನೆಯವರೊಬ್ಬರು ಪಕ್ಕದಲ್ಲಿದ್ದು, "ಅಪ್ಪಾಜಿ, ಹಿಡ್ಕೊಳ್ಳಿ... ಈಗ ಬಿಡಿ" ಅಂತ ದಿನಾ ಮಾತಾಡುವ ಹಾಗೇ ಹೇಳಿದರೆ ಫಲಿತಾಂಶ ಚೆನ್ನಾಗಿ ಬರುತ್ತದೆ. ಮೆದುಳಿನ ಬಲಭಾಗಕ್ಕೆ ಲಕ್ವ ಆದವರಲ್ಲಿ ಕೆಲವರು ಎಡಪಕ್ಕವನ್ನೇ ಗಮನಿಸುವುದಿಲ್ಲ. ಪರದೆಯ ಎಡತುದಿಯಲ್ಲಿ ಬಂದ ಗುರುತು ಅವರಿಗೆ ಕಾಣುವುದೇ ಇಲ್ಲ. ಅದನ್ನು ಕೈಯ ದೋಷ ಅಂತ ಬರೆದುಬಿಡಬಾರದು. ಮಾತಿನ ತೊಂದರೆಗೆ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆ ನಮ್ಮ ಊರಲ್ಲೇ ಇದೆ. ಅಲ್ಲಿಗೂ ಒಮ್ಮೆ ಹೋಗಿ ಬನ್ನಿ.

ಅಳೆಯುವ ಯಂತ್ರದಲ್ಲೇ ವ್ಯಾಯಾಮ ಮಾಡಿಸಿದರೆ ಬೇಗ ವಾಸಿಯಾಗುತ್ತಾ?

ಜಾಹೀರಾತು ಹಾಗೆ ಹೇಳುತ್ತದೆ. ಬ್ರಿಟನ್‌ನಲ್ಲಿ 770 ಜನರ ಮೇಲೆ ನಡೆದ ರಾಟುಲ್ಸ್ ಅಧ್ಯಯನ 2019ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಎಂಐಟಿ-ಮ್ಯಾನಸ್‌ನಲ್ಲಿ ವ್ಯಾಯಾಮ ಮಾಡಿದವರಿಗೆ, ಮಾಮೂಲಿ ಚಿಕಿತ್ಸೆ ಪಡೆದವರಿಗಿಂತ ಫ್ಯೂಗಲ್-ಮೆಯರ್ ಅಂಕ ಸ್ವಲ್ಪ ಏರಿತು. ಆರಾಟ್ ನೋಡಿದರೆ, ಅಂದರೆ ಕೈಯಿಂದ ಕೆಲಸ ಮಾಡುವ ವಿಷಯದಲ್ಲಿ, ಹೆಚ್ಚಿನ ಲಾಭ ಸಿಗಲಿಲ್ಲ. ಮುದ್ದೆ ಪ್ರಶ್ನೆಗೆ ಮೇಲೆ ಹೇಳಿದ್ದೂ ಇದೇ ಅಲ್ವಾ? ಯಂತ್ರದಲ್ಲಿ ಬೇಸರವಿಲ್ಲದೆ ನೂರಾರು ಸಲ ಬೆರಳು ಆಡಿಸಬಹುದು, ಅದು ಒಳ್ಳೆಯದೇ. ಅದರ ಹಿಂದೆಯೇ ನಿಜವಾದ ಲೋಟ, ನಿಜವಾದ ಗುಂಡಿ ಹಿಡಿಸಬೇಕು. ಲಕ್ಷಗಟ್ಟಲೆಯ ಪ್ಯಾಕೇಜ್ ಹೇಳಿದರೆ ಮನೆಗೆ ಹೋಗಿ ಯೋಚಿಸಿ ಹೇಳ್ತೀವಿ ಅನ್ನಿ.

ಮೈಸೂರು, ಮಂಡ್ಯದಲ್ಲಿ ಎಲ್ಲಿ ಕೇಳಬೇಕು?

ಮೊದಲು ನಿಮ್ಮನ್ನು ನೋಡುತ್ತಿರುವ ನ್ಯೂರಾಲಜಿ ಡಾಕ್ಟರನ್ನೇ ಕೇಳಿ. ಮೈಸೂರಿನ ಕೆ.ಆರ್. ಆಸ್ಪತ್ರೆ, ಮಂಡ್ಯದ ಮಿಮ್ಸ್, ಫಿಸಿಯೋಥೆರಪಿ ಕಾಲೇಜು ಇರುವ ಆಸ್ಪತ್ರೆಗಳು, ಬೆಂಗಳೂರಿನ ನಿಮ್ಹಾನ್ಸ್, ಇವುಗಳ ಪುನರ್ವಸತಿ ಅಥವಾ ಫಿಸಿಯೋಥೆರಪಿ ವಿಭಾಗಕ್ಕೆ ಫೋನ್ ಮಾಡಿ ವಿಚಾರಿಸಿಕೊಂಡೇ ಹೊರಡಿ. ಬರೀ "ರೋಬೋಟ್ ಇದೆಯಾ" ಅಂದರೆ ಕಾಲಿಗೆ ನಡಿಗೆ ಅಭ್ಯಾಸ ಮಾಡಿಸುವ ರೋಬೋಟ್ ಇದ್ದರೂ "ಇದೆ" ಅಂದುಬಿಡುತ್ತಾರೆ. "ಬೆರಳಿನ ಯಂತ್ರ ಇದೆಯಾ, ಅದರಲ್ಲಿ ಅಳತೆ ಮಾಡಿ ರಿಪೋರ್ಟ್ ಕೊಡುತ್ತೀರಾ, ಒಂದು ಸಲಕ್ಕೆ ಎಷ್ಟು?" ಅಂತ ಬಿಡಿಸಿ ಕೇಳಿ. ಬಿಪಿಎಲ್ ಕಾರ್ಡ್ ಇರುವವರು ಆಸ್ಪತ್ರೆಯ ಆರೋಗ್ಯ ಮಿತ್ರರನ್ನು ಕಂಡು, ಯೋಜನೆಯಲ್ಲಿ ಏನು ಸೇರುತ್ತದೆ ಅಂತ ಮೊದಲೇ ತಿಳಿದುಕೊಳ್ಳಿ.

ಅಂಗವಿಕಲರ ಯುಡಿಐಡಿ ಕಾರ್ಡ್‌ಗೆ ಈ ರಿಪೋರ್ಟ್ ಬೇಕಾ ಅಂತ ಬಹಳ ಜನ ಕೇಳುತ್ತಾರೆ. ಬೇಕಿಲ್ಲ. ಅಲ್ಲಿ ಸರ್ಕಾರಿ ವೈದ್ಯರು ತಮ್ಮ ಮಾರ್ಗಸೂಚಿಯಂತೆ ನೋಡಿ ಶೇಕಡಾವಾರು ಬರೆಯುತ್ತಾರೆ.

ಯಂತ್ರ ಸಿಗದಿದ್ದರೆ?

ಚಿಂತೆ ಬೇಡ. ಒಂದು ಪೆಟ್ಟಿಗೆ ಇದೆ, ನಡುವೆ ತಡೆ, ಸಣ್ಣ ಮರದ ತುಂಡುಗಳನ್ನು 60 ಸೆಕೆಂಡಿನಲ್ಲಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹಾಕಬೇಕು. ಒಂಬತ್ತು ತೂತಿನ ಹಲಗೆಗೆ ಕಡ್ಡಿ ಸಿಕ್ಕಿಸುವ ಪರೀಕ್ಷೆ ಇನ್ನೊಂದು. ಸಾಮಾನ್ಯ ಕ್ಲಿನಿಕ್‌ನಲ್ಲೂ ಇವನ್ನು ಮಾಡಬಹುದು. ಹಿಡಿತ ಅಳೆಯುವ ಡೈನಮೋಮೀಟರ್ ಕೂಡ ದುಬಾರಿಯಲ್ಲ.

ಮನೆಯಲ್ಲಾದರೆ ಒಂದು ತಟ್ಟೆಯಲ್ಲಿ ಬಾಟಲಿ ಮುಚ್ಚಳಗಳನ್ನು ಇಟ್ಟು, ಒಂದು ನಿಮಿಷದಲ್ಲಿ ಎಷ್ಟನ್ನು ಪಕ್ಕದ ತಟ್ಟೆಗೆ ಹಾಕುತ್ತಾರೆ ಅಂತ ಎಣಿಸಿ ಕ್ಯಾಲೆಂಡರ್ ಮೇಲೆ ಬರೆಯಿರಿ. ತಿಂಗಳಿಗೊಮ್ಮೆ ಅದೇ ಜಾಗದಲ್ಲಿ, ಅದೇ ಬದಿಯಿಂದ ಮೊಬೈಲ್‌ನಲ್ಲಿ ವಿಡಿಯೋ ತೆಗೆಯಿರಿ. ಬೆರಳು ಬಿಚ್ಚುವುದು ಕಾಣುವ ಹಾಗೆ ತೆಗೆಯಿರಿ, ಮುಖ ಬಂದರೂ ಬರದಿದ್ದರೂ ಪರವಾಗಿಲ್ಲ. ಡಾಕ್ಟರ ಮುಂದೆ "ಪರವಾಗಿಲ್ಲ ಸಾರ್, ಹಂಗೇ ಅದೆ" ಅನ್ನುವುದಕ್ಕಿಂತ ಎರಡು ವಿಡಿಯೋ ತೋರಿಸುವುದು ಎಷ್ಟೋ ಮೇಲು.

ನಾಟಿ ಎಣ್ಣೆ ತಿಕ್ಕಿಸಿ ಆಮೇಲೆ ಅಳೆಸಬಹುದಾ?

ಉಗುರುಬೆಚ್ಚಗಿನ ಎಣ್ಣೆ ಮೆಲ್ಲಗೆ ಸವರಿದರೆ ತೊಂದರೆ ಇಲ್ಲ. ಆದರೆ ಸ್ಪರ್ಶ ಹೋದ ಕೈಗೆ ಬಿಸಿ ಗೊತ್ತಾಗುವುದಿಲ್ಲ, ಸುಟ್ಟು ಬೊಬ್ಬೆ ಎದ್ದ ಕೈಗಳನ್ನು ನಾವು ನೋಡುತ್ತಿರುತ್ತೇವೆ. ಜೋರಾಗಿ ಎಳೆದು ಬೆರಳು ಬಿಚ್ಚಿಸುವುದು, ಭುಜ ಹಿಡಿದು ಜಗ್ಗುವುದು ಬೇಡವೇ ಬೇಡ. ಪಾರಿವಾಳದ ರಕ್ತ ಹಚ್ಚಿಸಲು ಕೆಲಸ ಬಿಟ್ಟು ದೂರ ಹೋಗುವವರು ಇನ್ನೂ ಇದ್ದಾರೆ. ಅದರಿಂದ ನರಕ್ಕೆ ಏನೂ ಆಗುವುದಿಲ್ಲ, ಮೊದಲ ಮೂರು ತಿಂಗಳ ಅಮೂಲ್ಯ ದಿನಗಳು ಹೋಗುತ್ತವೆ. ಪರೀಕ್ಷೆ ದಿನ ಎಣ್ಣೆ ಕೈಯಲ್ಲಿ ಬರಬೇಡಿ, ಬೆರಳಿನ ಪಟ್ಟಿ ಜಾರುತ್ತದೆ.

ಪರೀಕ್ಷೆಗೆ ಬರುವಾಗ ಏನು ತರಬೇಕು?

ಡಿಸ್ಚಾರ್ಜ್ ಸಮ್ಮರಿ, ಸ್ಕ್ಯಾನ್ ರಿಪೋರ್ಟ್, ಈಗ ತೆಗೆದುಕೊಳ್ಳುವ ಮಾತ್ರೆಗಳ ಚೀಟಿ, ಹಿಂದಿನ ಅಳತೆ ಇದ್ದರೆ ಅದು. ಕನ್ನಡಕ ಮರೆಯಬೇಡಿ, ಪರದೆ ನೋಡಬೇಕು. ಉಗುರು ಕತ್ತರಿಸಿ, ಉಂಗುರ, ಬಳೆ ತೆಗೆದಿಟ್ಟು ಬನ್ನಿ. ಬಿಗಿತದ ಕೈಗೆ ಬಳೆ ತೆಗೆಯೋದು ಕಷ್ಟ, ಆಸ್ಪತ್ರೆಯಲ್ಲಿ ಅವಸರಕ್ಕೆ ತೆಗೆಯಲು ಹೋದರೆ ಗಾಜು ಚುಚ್ಚುತ್ತದೆ. ತೋಳು ಸಡಿಲ ಇರುವ ಅಂಗಿ ಅಥವಾ ರವಿಕೆ ಹಾಕಿಸಿ. ತಿಂಡಿ, ಮಾತ್ರೆ ಮುಗಿಸಿಕೊಂಡು ಬನ್ನಿ, ಸಕ್ಕರೆ ಕಾಯಿಲೆ ಇರುವವರಂತೂ ಖಾಲಿ ಹೊಟ್ಟೆಯಲ್ಲಿ ಬರಲೇಬೇಡಿ. ಬಸ್ ಇಳಿದ ತಕ್ಷಣ ಯಂತ್ರದ ಮುಂದೆ ಕೂರಿಸಬೇಡಿ, ಅರ್ಧ ಗಂಟೆ ಮುಂಚೆ ತಲುಪಿ ಸುಧಾರಿಸಿಕೊಳ್ಳಲಿ. ಮತ್ತೆ, ಮನೆಯಲ್ಲಿ ರೋಗಿಯ ಜೊತೆ ದಿನಾ ಇರುವವರೇ ಬನ್ನಿ. ಭಾನುವಾರ ಮಾತ್ರ ಬೆಂಗಳೂರಿನಿಂದ ಬಂದು ಹೋಗುವ ಮಗನಿಗಿಂತ, ದಿನಾ ಊಟ ಕೊಡುವ ಸೊಸೆಗೆ ಆ ಕೈಯ ವಿಷಯ ಜಾಸ್ತಿ ಗೊತ್ತಿರುತ್ತದೆ.